ಡಿಸ್‌ಪ್ಲೇನಲ್ಲಿ 41 ಡಿಗ್ರಿ, ಕೆಳಗೆ ಸಿಹಿ ವಾಸನೆ: ಯಾವುದನ್ನ ನಂಬೋದು?

ನೀಲಿಹ್ಯಾಚ್‌ಬ್ಯಾಕ್:
ನಮಸ್ಕಾರ ಎಲ್ರಿಗೂ. ನಾಲ್ಕು ವರ್ಷ ಹಳೇ ಇಲೆಕ್ಟ್ರಿಕ್ ಕಾರು, ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಬ್ಯಾಟರಿ. ಮೊನ್ನೆ ರಾತ್ರಿ ನಿಧಾನ ಚಾರ್ಜಿಗೆ ಹಾಕಿದ್ದೆ. ಡ್ಯಾಶ್‌ಬೋರ್ಡ್ ಮೇಲೆ "ಬ್ಯಾಟರಿ ತಾಪಮಾನ ಹೆಚ್ಚಾಗಿದೆ" ಅಂತ ಬಂತು. ಫೋನ್ ತೆಗೆದು ಫೋಟೋ ಹೊಡಿಯೋಷ್ಟರಲ್ಲಿ ಮಾಯ. ಒಬಿಡಿ ಡಾಂಗಲ್ (ಕಾರಿನ ಡೇಟಾ ಓದೋ ಸಣ್ಣ ಸಾಧನ) ಹಾಕಿ ಆ್ಯಪ್‌ನಲ್ಲಿ ಹಿಂದಿನ ದಾಖಲೆ ನೋಡಿದ್ರೆ ಒಂದು ಸೆನ್ಸರ್ ಎರಡೇ ಸೆಕೆಂಡ್ 63 ತೋರಿಸಿ ಮತ್ತೆ 41ಕ್ಕೆ ಬಂದು ನಿಂತಿದೆ. ಉಳಿದ ಎಲ್ಲಾ ಸೆನ್ಸರೂ 29, 30. ಚಾರ್ಜ್ ಕಿತ್ತು ರಾತ್ರಿಯೆಲ್ಲ ಬಿಟ್ಟೆ. ಬೆಳಿಗ್ಗೆ ನೋಡಿದ್ರೂ ಅದೊಂದು 41ರಲ್ಲೇ ಕೂತಿದೆ.

ಸರ್ವಿಸ್‌ನವರಿಗೆ ಫೋನ್ ಮಾಡಿದೆ. "ಎರರ್ ಕೋಡ್ ಉಳಿದಿಲ್ಲ ಅಂದ್ರೆ ತೊಂದರೆ ಇಲ್ಲ ಸಾರ್, ಧಾರಾಳವಾಗಿ ಓಡಿಸಿ" ಅಂದ್ರು. ಆದ್ರೆ ಕಾರಿನ ಹಿಂಭಾಗದಲ್ಲಿ ಬಗ್ಗಿದ್ರೆ ಏನೋ ಒಂಥರಾ ಸಿಹಿ ವಾಸನೆ. ನನ್ನ ಪ್ರಶ್ನೆ ಇಷ್ಟೇ: ಅಪಾಯದ ಬಿಸಿ ಯಾವುದು, ಸುಮ್ನೆ ಬಿಸಿ ಯಾವುದು ಅಂತ ಹೊರಗಿನಿಂದ ತಿಳ್ಕೊಳ್ಳೋದು ಹೇಗೆ?

ಎರಡುಗಾಲಿ:
ಪ್ರಶ್ನೆ ಆಮೇಲೆ. ಕಾರು ಎಲ್ಲಿದೆ? ಮನೆಗೆ ಅಂಟಿಕೊಂಡ ಶೆಡ್ಡಲ್ಲಿ ಇದ್ರೆ ಮೊದಲು ಹೊರಗೆ ಬಯಲಿಗೆ ತಂದು ನಿಲ್ಲಿಸಿ.

ಸುಮ್ನೆಓದುವವ:
41 ಡಿಗ್ರಿಗೆ ಇಷ್ಟೊಂದು ಗಾಬರಿನಾ? ನನ್ನ ಕಾರು ಫಾಸ್ಟ್ ಚಾರ್ಜ್ ಆದ್ಮೇಲೆ 48 ತೋರಿಸುತ್ತೆ, ಫ್ಯಾನ್ ಗುಂಯ್ ಅನ್ನುತ್ತೆ, ಅರ್ಧ ಗಂಟೆಗೆ ತಣ್ಣಗಾಗುತ್ತೆ. ಆರಾಮಾಗಿರಿ.

ಕೋಶಗಣಿತ:
ಸುಮ್ನೆಓದುವವರೇ, ನಿಮ್ಮ 48ಕ್ಕೂ ಇವರ 41ಕ್ಕೂ ಸಂಬಂಧವೇ ಇಲ್ಲ. ನಿಮ್ಮದು ಕೆಲಸ ಮಾಡಿ ಬೆವರಿದ ಬ್ಯಾಟರಿ. ಕರೆಂಟ್ ಹರಿದಿದೆ, ಪ್ಯಾಕ್ ಪೂರ್ತಿ ಒಟ್ಟಿಗೆ ಬಿಸಿಯಾಗಿದೆ, ಒಟ್ಟಿಗೇ ಇಳಿದಿದೆ. ಇವರದ್ದು ಮಲಗಿರೋ ಬ್ಯಾಟರಿ. ಗಂಟೆಗಟ್ಟಲೆ ಕರೆಂಟೇ ಇಲ್ಲ, ಆದ್ರೂ ಒಂದು ಜಾಗ ಮಾತ್ರ ಪಕ್ಕದವಕ್ಕಿಂತ 12 ಡಿಗ್ರಿ ಮೇಲಿದೆ. ಅಂಕಿ ಎಷ್ಟು ಅಂತ ನೋಡೋದಕ್ಕಿಂತ ಅಕ್ಕಪಕ್ಕದವು ಎಷ್ಟಿವೆ, ಯಾಕೆ ಇಳೀತಿಲ್ಲ ಅಂತ ನೋಡಬೇಕು.

ನಾನು ಬಿಎಂಎಸ್, ಅಂದ್ರೆ ಬ್ಯಾಟರಿಯನ್ನ ಕಾಯೋ ಕಂಪ್ಯೂಟರಿನ ಸಾಫ್ಟ್‌ವೇರ್ ಬರೆಯೋನು, ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ. ಪ್ಯಾಕಿನಲ್ಲಿ ಪ್ರತಿ ಸೆಲ್ಲಿಗೂ ಒಂದು ತಾಪ ಸೆನ್ಸರ್ ಇರುತ್ತೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಇರಲ್ಲ. ಒಂದು ಮಾಡ್ಯೂಲಿಗೆ (ಸೆಲ್‌ಗಳ ಒಂದು ಕಟ್ಟಿಗೆ) ಎರಡೋ ಮೂರೋ, ಅಷ್ಟೇ. ಅವೂ ಸೆಲ್ ಒಳಗಲ್ಲ, ಮೇಲಿನ ಬಸ್‌ಬಾರ್ (ಸೆಲ್‌ಗಳನ್ನ ಜೋಡಿಸೋ ಲೋಹದ ಪಟ್ಟಿ) ಮೇಲೋ ಸೆಲ್ಲಿನ ಮೈಮೇಲೋ ಅಂಟಿರ್ತವೆ. ಸೆನ್ಸರ್‌ನಿಂದ ನಾಲ್ಕು ಸೆಲ್ ಆಚೆ ಒಂದು ಸೆಲ್ ಒಳಗೇ ಬೇಯ್ತಿದ್ರೆ, ಆ ಸುದ್ದಿ ಶಾಖವಾಗಿ ನಡ್ಕೊಂಡು ಬಂದು ಮುಟ್ಟೋದರೊಳಗೆ ಕಥೆ ಮುಗಿದಿರಬಹುದು.

ಒಳಗೆ ಆಗೋದು ಹೀಗೆ. ಸುಮಾರು 90 ಡಿಗ್ರಿ ಆಸುಪಾಸಿನಲ್ಲಿ ಆ್ಯನೋಡ್ (ಋಣ ಧ್ರುವ) ಮೇಲಿನ ತೆಳು ರಕ್ಷಾಪದರ ಒಡೆಯೋಕೆ ಶುರು, ಅದು ಒಡೆಯುವಾಗ ತಾನೇ ಶಾಖ ಬಿಡುತ್ತೆ. 130ರ ಹತ್ತಿರ ಎರಡು ಧ್ರುವಗಳನ್ನ ಬೇರೆ ಇಡೋ ಪಾಲಿಎಥಿಲೀನ್ ಹಾಳೆ, ಸೆಪರೇಟರ್, ಕರಗುತ್ತೆ. 200 ದಾಟಿದ ಮೇಲೆ ಎನ್‌ಎಂಸಿ ಕ್ಯಾಥೋಡ್ (ಧನ ಧ್ರುವ) ತನ್ನ ಆಮ್ಲಜನಕ ಬಿಟ್ಟುಕೊಡುತ್ತೆ. ಅಲ್ಲಿಂದ ಮುಂದೆ ಹೊರಗಿನ ಗಾಳಿ ಬೇಕಿಲ್ಲ, ತನ್ನನ್ನ ತಾನೇ ಸುಟ್ಕೊಳ್ಳುತ್ತೆ. ಮೊದಲ ಹಂತದಲ್ಲಿ ಗಂಟೆಗಟ್ಟಲೆ ಕಾಲ ಇರಬಹುದು, ಕೊನೇ ಹಂತಕ್ಕೆ ಸೆಕೆಂಡುಗಳು ಸಾಕು. ಹಿಡಿಯಬೇಕಾದ್ದು ಮೊದಲನೇ ಹಂತವನ್ನ. ನಮ್ಮ ಸೆನ್ಸರ್‌ಗಳು ಚೆನ್ನಾಗಿ ಹಿಡಿಯೋದು ಕೊನೇದನ್ನ!

ಮಲ್ಟಿಮೀಟರ್_ಮಾವ:
ಇಷ್ಟೆಲ್ಲ ಯಾಕೆ ಮಾರಾಯ್ರೆ. ಇನ್‌ಫ್ರಾರೆಡ್ ಗನ್ ತಗೊಂಡು ಕಾರಿನ ಕೆಳಗೆ ಹಿಡೀರಿ, ಬಿಸಿ ಇದ್ರೆ ತೋರಿಸ್ತದೆ.

ಕೋಶಗಣಿತ:
ಮಾವ, ಅದು ಪ್ಯಾಕಿನ ಕೆಳಗಿನ ತಟ್ಟೆಯ ಬಿಸಿ ತೋರಿಸುತ್ತೆ, ಸೆಲ್ಲಿನದ್ದಲ್ಲ. ಮಧ್ಯದಲ್ಲಿ ಕೂಲಿಂಗ್ ಪ್ಲೇಟು, ಗಾಳಿ, ಇನ್ಸುಲೇಶನ್ ಎಲ್ಲ ಇದೆ. ತಟ್ಟೆ ಬರೀ ಹೊಳೆಯೋ ಅಲ್ಯೂಮಿನಿಯಂ ಆಗಿದ್ರೆ ಇನ್ನೂ ಕಷ್ಟ, ಗನ್ ಓದೋದು ಅದರಲ್ಲಿ ಪ್ರತಿಫಲಿಸೋ ನೆಲದ ಬಿಸಿಯನ್ನ. ತಟ್ಟೆಯೇ ಬಿಸಿಯಾಗಿದೆ ಅಂತ ಗನ್ ಹೇಳಿದ ಹೊತ್ತಿಗೆ ನೀವು ಅದರ ಹತ್ತಿರ ಇರಬಾರದು.

ಪೆಟ್ರೋಲ್‌ಪ್ರೇಮಿ:
ಇದಕ್ಕೇ ಹೇಳೋದು. ನನ್ನ ಗಾಡಿಗೆ ಡಾಂಗಲ್ಲೂ ಬೇಡ, ಆ್ಯಪೂ ಬೇಡ.

ಎರಡುಗಾಲಿ:
ಪೆಟ್ರೋಲ್ ಗಾಡಿ ಬೆಂಕಿ ಹತ್ತಿದ್ದು ನೋಡೇ ಇಲ್ವಾ ಸ್ವಾಮಿ ನೀವು?

ಪೆಟ್ರೋಲ್‌ಪ್ರೇಮಿ:
ನೋಡಿದ್ದೀನಿ. ಆದ್ರೆ ಆರಿಸಿದ ಮೇಲೆ ಮೂರನೇ ದಿನ ಎದ್ದು ಕೂತು ಮತ್ತೆ ಉರಿದಿದ್ದು ನೋಡಿಲ್ಲ.

ನೀರುಗೊಳವೆ:
ಇಬ್ರೂ ಸರಿಯೇ, ಜಗಳ ಬೇಡ. ನಾನು ಅಗ್ನಿಶಾಮಕದಲ್ಲಿ ಇರೋನು. ಸುಟ್ಟ ಪ್ಯಾಕು ಗಂಟೆಗಳ ಮೇಲೆ, ಕೆಲವು ಸಲ ದಿನಗಳ ಮೇಲೆ ಮತ್ತೆ ಹೊತ್ತಿಕೊಳ್ಳೋದು ನಿಜ. ಸುಡದೆ ಉಳಿದ ಸೆಲ್‌ಗಳಲ್ಲಿ ಚಾರ್ಜ್ ಹಾಗೇ ಇರುತ್ತೆ.

ಹೊರಗಿನಿಂದ ತಿಳ್ಕೊಳ್ಳೋದು ಹೇಗೆ ಅಂತ ಕೇಳಿದ್ರಲ್ಲ. ನಾವು ನೋಡೋದು, ಕೇಳೋದು ಹೀಗಿರುತ್ತೆ: ಒಳಗಿಂದ ಪಟ್ ಪಟ್ ಅಂತ ಸದ್ದು, ಸೆಲ್‌ಗಳ ವೆಂಟ್, ಅಂದ್ರೆ ಒತ್ತಡ ಹೊರಬಿಡೋ ಕಿಂಡಿ, ಒಡೆಯೋದು. ಆಮೇಲೆ ಪ್ರೆಶರ್ ಕುಕ್ಕರಿನ ಥರ ಸುಯ್ ಅನ್ನೋ ಸದ್ದು. ಕಾರಿನ ಅಡಿಯಿಂದ ಬಿಳಿ ಹೊಗೆ. ಜನ ಮೋಸ ಹೋಗೋದು ಇಲ್ಲೇ, "ಏಸಿ ಆವಿ ಇರಬೇಕು" ಅಂತ ಬಗ್ಗಿ ನೋಡ್ತಾರೆ. ಅದು ನೀರಿನ ಆವಿ ಅಲ್ಲ. ಅದರಲ್ಲಿ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್, ಎಲೆಕ್ಟ್ರೋಲೈಟ್ (ಸೆಲ್ ಒಳಗಿನ ದ್ರವ) ಹನಿಗಳು, ಜೊತೆಗೆ ಹೈಡ್ರೋಜನ್ ಫ್ಲೋರೈಡ್ ಇರುತ್ತೆ. ಉಸಿರಿಗೆ ವಿಷ, ಕಿಡಿ ಸಿಕ್ಕರೆ ಬೆಂಕಿ.

ಬೆಂಕಿ ಕಾಣಿಸದ ಹೊಗೆಗೆ ನಾನು ಹೆಚ್ಚು ಹೆದರ್ತೀನಿ. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ ಮ್ಯಾಕ್‌ಮಿಕನ್ ಅನ್ನೋ ಬ್ಯಾಟರಿ ಶೇಖರಣಾ ಘಟಕದಲ್ಲಿ ಆಗಿದ್ದು ಅದೇ. ಕಾರಲ್ಲ, ಆದ್ರೆ ಅದೇ ಲಿಥಿಯಂ ಅಯಾನ್. ಬೆಂಕಿ ಆರಿಸೋ ಅನಿಲ ಬಿಡುಗಡೆ ಆಗಿತ್ತು, ಆದ್ರೂ ಒಂದು ಸೆಲ್ಲಿಂದ ಇನ್ನೊಂದಕ್ಕೆ ದಾಟ್ತಾ ಹೋಯ್ತು. ಒಳಗೆ ಸುಡುವ ಅನಿಲ ತುಂಬಿಕೊಂಡು ಕೂತಿತ್ತು. ಗಂಟೆಗಳ ನಂತರ ಸಿಬ್ಬಂದಿ ಬಾಗಿಲು ತೆಗೆದರು, ಸ್ಫೋಟ ಆಯ್ತು, ನಮ್ಮಂಥವರೇ ಗಂಭೀರವಾಗಿ ಗಾಯಗೊಂಡರು.

ಹಾಗಾಗಿ ಸದ್ದು, ಬಿಳಿ ಹೊಗೆ ಎರಡರಲ್ಲಿ ಒಂದಿದ್ರೂ ದೂರ ಹೋಗಿ ಫೋನ್ ಮಾಡಿ. ವಾಸನೆ ನೋಡೋಕೆ ಬಗ್ಗಬೇಡಿ.

ನೀಲಿಹ್ಯಾಚ್‌ಬ್ಯಾಕ್:
ಬಗ್ಗಿ ಆಗಿದೆಯಲ್ಲ ಸಾರ್! ಸದ್ದು, ಹೊಗೆ ಎರಡೂ ಇಲ್ಲ. ಕಾರನ್ನ ಬಯಲಲ್ಲಿ, ಗೋಡೆಯಿಂದ ದೂರ ನಿಲ್ಲಿಸಿದ್ದೀನಿ. ಚಾರ್ಜ್ 55 ಪರ್ಸೆಂಟ್. ವಾಸನೆ ಹೇಗಂದ್ರೆ... ಸಕ್ಕರೆ ಪಾಕ ಸ್ವಲ್ಪ ಹಳಸಿದ ಹಾಗೆ.

ಮೂಗುಬಲ್ಲವಳು:
ಆ ವಿವರಣೆ ಬಹಳ ಮುಖ್ಯ. ಎಲೆಕ್ಟ್ರೋಲೈಟ್ ಸೋರಿದ್ರೆ ಬರೋದು ಉಗುರು ಬಣ್ಣ ತೆಗೆಯೋ ದ್ರವದಂಥ, ಮೂಗಿಗೆ ಚುಚ್ಚೋ ಸಿಹಿ. ಡೈಮೀಥೈಲ್ ಕಾರ್ಬೊನೇಟ್ ಥರದ ದ್ರಾವಕಗಳದ್ದು. ನೀವು ಹೇಳೋ ಪಾಕದ ಸಿಹಿ ಕೂಲಂಟ್ ಇರಬಹುದು, ಗ್ಲೈಕಾಲ್. ಆದ್ರೆ ಮೂಗಿನ ಮೇಲೆ ಪಣ ಕಟ್ಟಬೇಡಿ, ಎರಡನ್ನೂ ಜನ "ಸಿಹಿ" ಅಂತಲೇ ಕರೀತಾರೆ. ಕೂಲಂಟ್ ಬಾಟಲಿಯ ಮಟ್ಟ ನೋಡಿದ್ರಾ?

ನಾನು ಗ್ಯಾಸ್ ಸೆನ್ಸರ್ ಕ್ಷೇತ್ರದವಳು, ಹೆಸರಲ್ಲೇ ಗೊತ್ತಾಗುತ್ತೆ. ತಾಪಮಾನಕ್ಕಿಂತ ಮೊದಲೇ ಅನಿಲ ಸುದ್ದಿ ಕೊಡುತ್ತೆ ಅನ್ನೋದು ನಮ್ಮ ವಾದ. ಒಂದು ಸೆಲ್ ವೆಂಟ್ ಆದ ತಕ್ಷಣ ಅದರ ಅನಿಲ ಇಡೀ ಪ್ಯಾಕಿಗೆ ಹರಡುತ್ತೆ, ಸೆನ್ಸರ್ ಯಾವ ಮೂಲೆಯಲ್ಲಿದ್ರೂ ತಲುಪುತ್ತೆ. ಶಾಖ ಹಾಗೆ ಹರಡಲ್ಲ. ಹೈಡ್ರೋಜನ್ ಹಿಡಿಯೋಕೆ ಅದರ ಉಷ್ಣವಾಹಕತೆ ನೋಡ್ತೀವಿ, ಗಾಳಿಗಿಂತ ಸುಮಾರು ಏಳು ಪಟ್ಟು ಹೆಚ್ಚು. ಕಾರ್ಬನ್ ಡೈಆಕ್ಸೈಡಿಗೆ ಇನ್‌ಫ್ರಾರೆಡ್ ಹೀರುವಿಕೆ.

ಕೋಶಗಣಿತ:
ಒಪ್ಪೋದು ಅರ್ಧ. ಹೊರಗಿನಿಂದ ಬಿಸಿ ತಾಗಿದ್ರೆ ಅಥವಾ ಓವರ್‌ಚಾರ್ಜ್ ಆದ್ರೆ ವೆಂಟ್ ಮೊದಲು, ನಿಮಿಷಗಳ ಮೇಲೆ ರನ್‌ಅವೇ, ಅಂದ್ರೆ ಸೆಲ್ ತನ್ನನ್ನ ತಾನೇ ಸುಟ್ಕೊಳ್ಳೋ ಆ ಕೊನೇ ಹಂತ. ಆಗ ನಿಮ್ಮ ಸೆನ್ಸರ್ ಚಿನ್ನ. ಆದ್ರೆ ಒಳಗೇ ಗಟ್ಟಿ ಶಾರ್ಟ್ ಆದ್ರೆ ವೆಂಟೂ ರನ್‌ಅವೇನೂ ಒಟ್ಟಿಗೇ, ನಡುವೆ ಉಸಿರು ಬಿಡೋಷ್ಟೂ ಸಮಯ ಇಲ್ಲ.

ಮೂಗುಬಲ್ಲವಳು:
ಗಟ್ಟಿ ಶಾರ್ಟಿಗೆ ನಿಮ್ಮ ಬಿಎಂಎಸ್ ನೋಡೋ ವೋಲ್ಟೇಜ್ ಮಾತ್ರ ಮೊದಲೇ ಹೇಳುತ್ತಾ? ಸಮಾನಾಂತರವಾಗಿ ಕಟ್ಟಿದ ಸೆಲ್‌ಗಳಲ್ಲಿ?

ಕೋಶಗಣಿತ:
ಹಾ, ಅಲ್ಲಿ ಕಚ್ಚಿದ್ರಿ. ಓದುಗರಿಗೆ: ಟೆಸ್ಲಾ ಮಾಡೆಲ್ ಎಸ್‌ನ ಹಳೇ 85 ಕಿಲೋವ್ಯಾಟ್-ಅವರ್ ಪ್ಯಾಕ್ ತಗೊಳ್ಳಿ. 7104 ಸಣ್ಣ ಸೆಲ್‌ಗಳು, 74-74 ಸಮಾನಾಂತರವಾಗಿ ಕಟ್ಟಿದ 96 ಗುಂಪು. ಬಿಎಂಎಸ್ ಕಾಣೋದು 96 ವೋಲ್ಟೇಜ್, 7104 ಅಲ್ಲ. ಒಂದು ಸೆಲ್ ಶಾರ್ಟ್ ಆದ್ರೆ ಉಳಿದ 73 ಅದರೊಳಕ್ಕೆ ಕರೆಂಟ್ ಸುರೀತವೆ, ಅದಕ್ಕೇ ಪ್ರತಿ ಸೆಲ್ಲಿಗೂ ಕೂದಲಿನಂಥ ಫ್ಯೂಸ್ ತಂತಿ ಇಟ್ಟಿದ್ದಾರೆ. ತಂತಿ ಕರಗಿತು ಅಂದ್ರೆ ಗುಂಪಿನ ವೋಲ್ಟೇಜ್ ಮತ್ತೆ ಏನೂ ಆಗಿಲ್ಲದ ಹಾಗೆ. ಎಪ್ಪತ್ತಮೂರು ಜನ ನಿಂತು ಒಬ್ಬನ ಜ್ವರ ಮುಚ್ಚಿಟ್ಟ ಹಾಗೆ. ದೊಡ್ಡ ಸೆಲ್‌ಗಳನ್ನ ಒಂದೊಂದೇ ಸರಣಿಯಲ್ಲಿ ಕಟ್ಟಿದ ಪ್ಯಾಕಲ್ಲಿ ಮಾತ್ರ ವೋಲ್ಟೇಜ್ ಕುಸಿತ ನೇರವಾಗಿ ಕಾಣುತ್ತೆ.

ಎರಡುಗಾಲಿ:
ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಹಾಕಿದ್ರೆ ಈ ತಲೆನೋವೇ ಇಲ್ಲ ಅಂತ ಅಂಗಡಿಯವ ಹೇಳಿದ್ನಲ್ಲ?

ಮೂಗುಬಲ್ಲವಳು:
ತಲೆನೋವು ಬೇರೆ ಥರ, ಅಷ್ಟೇ. ಎಲ್‌ಎಫ್‌ಪಿ ಕ್ಯಾಥೋಡ್ ಗಟ್ಟಿ, ರನ್‌ಅವೇಗೆ ಹೆಚ್ಚು ಬಿಸಿ ಬೇಕು, ಉರಿಯೂ ಕಮ್ಮಿ. ಆದ್ರೆ ವೆಂಟ್ ಆದಾಗ ಅದರ ಅನಿಲದಲ್ಲಿ ಹೈಡ್ರೋಜನ್ ಪಾಲು ಜಾಸ್ತಿ. ತಾನೇ ಹೊತ್ತಿಕೊಳ್ಳದೆ ಮುಚ್ಚಿದ ಜಾಗದಲ್ಲಿ ತುಂಬಿಕೊಂಡ್ರೆ ನೀರುಗೊಳವೆ ಹೇಳಿದ ಸ್ಫೋಟದ ಸನ್ನಿವೇಶ.

ಕೋಶಗಣಿತ:
ಜೊತೆಗೆ ಎಲ್‌ಎಫ್‌ಪಿ ವೋಲ್ಟೇಜ್ ರೇಖೆ ಮಧ್ಯದಲ್ಲಿ ಸಪಾಟು. ಒಂದು ಸೆಲ್ ಮೆಲ್ಲಗೆ ಸೋರ್ತಿದ್ರೂ 50 ಪರ್ಸೆಂಟಿನ ಆಸುಪಾಸು ಗೊತ್ತೇ ಆಗಲ್ಲ. ತುದಿಗಳಲ್ಲಿ ನೋಡಬೇಕು.

ಎರಡುಗಾಲಿ:
ನನ್ನ ಅನುಭವ ಹೇಳಿಬಿಡ್ತೀನಿ. ಹಿಂದಿನ ಸ್ಕೂಟರಿನ ತೆಗೆಯೋ ಬ್ಯಾಟರಿ. ಎರಡು ವಾರ ಚಾರ್ಜ್ ಪೂರ್ತಿ ಆಗೋಕೆ ಮೊದಲಿಗಿಂತ ಹೆಚ್ಚು ಹೊತ್ತು ತಗೊಳ್ತಿತ್ತು. ನಾನು ಚಾರ್ಜರ್ ಹಳೇದಾಯ್ತು ಅಂದ್ಕೊಂಡೆ. ಒಂದಿನ ಮಗಳು "ಅಪ್ಪಾ, ಇದು ನೆಲದ ಮೇಲೆ ನೆಟ್ಟಗೆ ಕೂರ್ತಿಲ್ಲ, ಆಡುತ್ತೆ" ಅಂದ್ಲು. ನೋಡಿದ್ರೆ ಪೆಟ್ಟಿಗೆ ತಳ ಒಂದು ಬೆರಳು ಉಬ್ಬಿದೆ. ತಾಪಮಾನದ ಎಚ್ಚರಿಕೆ ಒಂದೇ ಒಂದು ಸಲ ಬಂದಿರಲಿಲ್ಲ. ಹೊರಗೆ ಮರಳಿನ ಮೇಲೆ ಇಟ್ಟು ಫೋನ್ ಮಾಡಿದೆ, ಬಂದವರು ಮರಳಿನ ಡ್ರಮ್ಮಲ್ಲಿ ಹಾಕ್ಕೊಂಡು ಹೋದ್ರು. ಏನೂ ಆಗಲಿಲ್ಲ. ಆದ್ರೆ ಆ ಎರಡು ವಾರ ಅದು ಮಲಗಿದ್ದು ನಮ್ಮ ಮಂಚದ ಪಕ್ಕದ ಪ್ಲಗ್ಗಿನ ಕೆಳಗೆ.

ಸುಮ್ನೆಓದುವವ:
ಅಯ್ಯೋ. ನನ್ನ ಹಳೇ ಫೋನೂ ಉಬ್ಬಿದೆ, ಡ್ರಾಯರ್‌ನಲ್ಲಿದೆ. ಸೂಜಿ ಚುಚ್ಚಿ ಗಾಳಿ ಬಿಟ್ರೆ ಆಗುತ್ತಾ?

ನೀರುಗೊಳವೆ:
ಬೇಡ!! ಚುಚ್ಚಬೇಡಿ, ಚಾರ್ಜ್ ಮಾಡಬೇಡಿ, ಡ್ರಾಯರಿಂದ ತೆಗೆದು ಸುಡುವ ವಸ್ತು ಇಲ್ಲದ ಕಡೆ ಇಡಿ, ಇ-ತ್ಯಾಜ್ಯದವರಿಗೆ ಕೊಡಿ.

ನಿರ್ವಾಹಕ:
ಫೋನಿಗೆ ಬೇರೆ ಎಳೆ ಇದೆ. ಇಲ್ಲಿ ಕಾರು, ಸ್ಕೂಟರ್ ಮಾತ್ರ.

ಮಲ್ಟಿಮೀಟರ್_ಮಾವ:
ಐದು ನಿಮಿಷ ಮೊದಲೇ ಎಚ್ಚರಿಕೆ ಕೊಡ್ಬೇಕು ಅಂತ ನಿಯಮ ಉಂಟಲ್ಲ? ಹಾಗಾದ್ರೆ ನಾವ್ಯಾಕೆ ಡಾಂಗಲ್ ಹಿಡ್ಕೊಂಡು ಕೂರ್ಬೇಕು?

ಕೋಶಗಣಿತ:
ಇದೆ. 2018ರ ವಿಶ್ವಸಂಸ್ಥೆಯ ಜಾಗತಿಕ ತಾಂತ್ರಿಕ ನಿಯಮ 20ರಲ್ಲಿ ಬಂತು, ಚೀನಾದ ರಾಷ್ಟ್ರೀಯ ಮಾನದಂಡ ಜಿಬಿ 38031-2020 ಅದನ್ನ 2021ರ ಜನವರಿಯಿಂದ ಕಡ್ಡಾಯ ಮಾಡಿತು. ಆದ್ರೆ ಆ ಐದು ನಿಮಿಷದ ಅರ್ಥ ನೋಡಿ. ಒಂದು ಸೆಲ್ ಹೋದ ಮೇಲೆ ಕೂತವರಿಗೆ ಅಪಾಯ ಮುಟ್ಟೋ ಮೊದಲು ಐದು ನಿಮಿಷ, ಇಳಿದು ಓಡೋಕೆ. ಸೆಲ್ ಕೆಡೋ ಮೊದಲೇ ಹೇಳಬೇಕು ಅಂತ ಅದರಲ್ಲಿಲ್ಲ. ಚೀನಾದ 2025ರ ಹೊಸ ಆವೃತ್ತಿ 2026ರ ಜುಲೈಯಿಂದ ಇನ್ನೂ ಬಿಗಿ, ಒಂದು ಸೆಲ್ ಹೋದ್ರೂ ಪ್ಯಾಕಿಗೆ ಬೆಂಕಿ ಹತ್ತಬಾರದು, ಸಿಡಿಯಲೂಬಾರದು ಅನ್ನುತ್ತೆ.

ಪರೀಕ್ಷೆಯಲ್ಲಿ "ರನ್‌ಅವೇ ಆಯ್ತು" ಅಂತ ತೀರ್ಮಾನಿಸೋ ಒಂದು ಗುರುತು: ತಾಪ ಸೆಕೆಂಡಿಗೆ 1 ಡಿಗ್ರಿಗಿಂತ ವೇಗವಾಗಿ ಏರೋದು, ಜೊತೆಗೆ ವೋಲ್ಟೇಜ್ ಬೀಳೋದು ಅಥವಾ ಗರಿಷ್ಠ ಮಿತಿ ದಾಟೋದು. ಪ್ರಯೋಗಾಲಯದ ಕ್ಯಾಲೊರಿಮೀಟರಿನಲ್ಲಿ ಸೆಲ್ ತಾನೇ ಬಿಸಿಯಾಗೋಕೆ ಶುರು ಮಾಡ್ತು ಅಂತ ಹೇಳೋದು ನಿಮಿಷಕ್ಕೆ 0.02 ಡಿಗ್ರಿ ಏರಿದಾಗ. ಎರಡಕ್ಕೂ ಮಧ್ಯೆ 3000 ಪಟ್ಟು ಅಂತರ. ಈ ಅಂತರದಲ್ಲಿ ಕಾರಿನ ಸೆನ್ಸರಿಗೆ ಕಾಣೋದು ಬಹಳ ಕಮ್ಮಿ, ಯಾಕಂದ್ರೆ ಬಿಸಿಲು, ಕೂಲಿಂಗ್, ಚಾರ್ಜಿಂಗ್ ಎಲ್ಲ ಸೇರಿ ಆ ಸಣ್ಣ ಏರಿಕೆಯನ್ನ ಮುಳುಗಿಸಿಬಿಡ್ತವೆ.

ಪೆಟ್ರೋಲ್‌ಪ್ರೇಮಿ:
ನಿಂತ ಕಾರು? ಅದಕ್ಕೆ ಯಾರು ಕಾವಲು?

ಕೋಶಗಣಿತ:
ಒಳ್ಳೇ ಪ್ರಶ್ನೆ, ನಿಮ್ಮಿಂದ ಬಂದಿದ್ದಕ್ಕೆ ಆಶ್ಚರ್ಯ :) ಕಾರು ಬೀಗ ಹಾಕಿದ ಮೇಲೆ ಬಿಎಂಎಸ್ ನಿದ್ದೆಗೆ ಹೋಗುತ್ತೆ. ಪೂರ್ತಿ ಎಚ್ಚರ ಇದ್ರೆ 12 ವೋಲ್ಟಿನ ಸಣ್ಣ ಬ್ಯಾಟರಿ ಖಾಲಿ. ಆಗಾಗ ಎದ್ದು ಒಂದು ಸುತ್ತು ನೋಡಿ ಮಲಗೋ ಹಾಗೆ ಬರೀತೀವಿ. ಎಷ್ಟು ಹೊತ್ತಿಗೊಮ್ಮೆ ಅನ್ನೋದು ಕಂಪನಿಗೊಂದು ಥರ, ಹಳೇ ಮಾಡೆಲ್‌ಗಳಲ್ಲಿ ಎದ್ದೇಳೋದೇ ಇಲ್ಲ. 2024ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬೆಂಕಿ ಹತ್ತಿದ್ದು ಎರಡು ದಿನಕ್ಕೂ ಹೆಚ್ಚು ಕಾಲ ಸುಮ್ಮನೆ ನಿಂತಿದ್ದ ಕಾರಿಗೆ, ಚಾರ್ಜಿಂಗ್ ಕೂಡ ಇರಲಿಲ್ಲ.

ಮೂಗುಬಲ್ಲವಳು:
ಅದಕ್ಕೇ ಪ್ರೆಶರ್ ಸೆನ್ಸರ್ ಈಗ ಜನಪ್ರಿಯ ಆಗ್ತಿದೆ. ಸೆಲ್ ವೆಂಟ್ ಆದ್ರೆ ಮುಚ್ಚಿದ ಪ್ಯಾಕೊಳಗೆ ಒತ್ತಡ ಒಮ್ಮೆಗೇ ಏರುತ್ತೆ, ಸ್ವಲ್ಪ ಹೊತ್ತಿಗೆ ಉಸಿರಾಟದ ವಾಲ್ವಿನಿಂದ ಇಳಿದುಬಿಡುತ್ತೆ. ಆ ಕ್ಷಣ ಎಚ್ಚರ ಇದ್ದವನಿಗೆ ಮಾತ್ರ ಸಿಗೋದು. ಪ್ರೆಶರ್ ಸೆನ್ಸರ್ ತೀರಾ ಕಮ್ಮಿ ಕರೆಂಟಲ್ಲಿ ಕಾದು ಕೂತು, ಏರಿಕೆ ಕಂಡ್ರೆ ದೊಡ್ಡ ಬಿಎಂಎಸ್‌ನ ಒದ್ದು ಎಬ್ಬಿಸುತ್ತೆ.

ಸುಮ್ನೆಓದುವವ:
ಎಐ ಹಾಕಿ ಕ್ಲೌಡಲ್ಲಿ ನೋಡಿದ್ರೆ ಮುಗೀತು.

ಕೋಶಗಣಿತ:
ಕ್ಲೌಡ್ ನಿಧಾನದ ರೋಗಕ್ಕೆ ಒಳ್ಳೇದು, ವಾರಗಟ್ಟಲೆ ಒಂದು ಗುಂಪು ಉಳಿದವಕ್ಕಿಂತ ಬೇಗ ಇಳೀತಿದ್ಯಾ ಅಂತ. ಬೇಸ್‌ಮೆಂಟಲ್ಲಿ ಸಿಗ್ನಲ್ ಇಲ್ದೆ ಇದ್ದಾಗ ಏನ್ ಮಾಡುತ್ತೆ?

ಬರೀ ಸಾಫ್ಟ್‌ವೇರಿನಿಂದ ಮುಗಿಯಲ್ಲ ಅನ್ನೋಕೆ ಶೆವ್ರೊಲೆ ಬೋಲ್ಟ್ ನೋಡಿ. ಒಂದೇ ಸೆಲ್ಲಿನಲ್ಲಿ ಎರಡು ತಯಾರಿಕಾ ದೋಷ, ಹರಿದ ಆ್ಯನೋಡ್ ಟ್ಯಾಬ್ ಮತ್ತು ಮಡಚಿದ ಸೆಪರೇಟರ್, ಒಟ್ಟಿಗೇ ಬಿದ್ದರೆ ಬೆಂಕಿ ಸಾಧ್ಯತೆ. ಮೊದಲು ಸಾಫ್ಟ್‌ವೇರ್ ಪರಿಹಾರ ಅಂದ್ರು. ಆಮೇಲೆ 90 ಪರ್ಸೆಂಟಿಗಿಂತ ಹೆಚ್ಚು ತುಂಬಬೇಡಿ, ಚಾರ್ಜ್ ಆದ ಮೇಲೆ ಹೊರಗೆ ನಿಲ್ಲಿಸಿ ಅಂದ್ರು. 2021ರ ಆಗಸ್ಟ್ ಹೊತ್ತಿಗೆ ಎಲ್ಲಾ ಬೋಲ್ಟ್‌ಗಳನ್ನೂ ವಾಪಸ್ ಕರೆಯೋ ಪರಿಸ್ಥಿತಿ ಬಂತು.

ನೀಲಿಹ್ಯಾಚ್‌ಬ್ಯಾಕ್:
ಎರಡು ದಿನ ಕಾದು ಬಂದಿದ್ದೀನಿ. ಕೂಲಂಟ್ ಮಟ್ಟ ಕನಿಷ್ಠ ಗೆರೆಗಿಂತ ಕೆಳಗಿದೆ, ಹೋದ ತಿಂಗಳು ಸರಿಯಿತ್ತು. ಕಾರನ್ನ ಮುಟ್ಟದೆ ಬಿಟ್ಟಿದ್ದೆ, ಈಗ ಅಂಕಿ: ನನ್ನ ಕಾರಲ್ಲೂ 96 ಗುಂಪು, ಅದರಲ್ಲಿ 95ರ ವೋಲ್ಟೇಜ್ ಒಂದಕ್ಕೊಂದು ಎರಡು ಮಿಲಿವೋಲ್ಟ್ ಒಳಗೇ ಇವೆ. 37ನೇ ಗುಂಪು 48 ಗಂಟೆಯಲ್ಲಿ 9 ಮಿಲಿವೋಲ್ಟ್ ಇಳಿದಿದೆ. ಆ ಹಾಳು ಸೆನ್ಸರ್ ಅದೇ ಮಾಡ್ಯೂಲಿನದ್ದು, ಈಗ 40, ಒಮ್ಮೊಮ್ಮೆ 44. ಬೇರೆಯವು 29.

ಸರ್ವಿಸ್‌ಗೆ ಮತ್ತೆ ಹೇಳಿದೆ. "ಆ್ಯಪ್ ನೋಡಿ ಕಾರು ರಿಪೇರಿ ಮಾಡಕ್ಕಾಗಲ್ಲ ಸಾರ್" ಅಂದ್ರು.

ಎರಡುಗಾಲಿ:
ಸಾಫ್ಟ್ ಶಾರ್ಟ್, ಸೆಲ್ ಒಳಗೇ ಮೆಲ್ಲಗೆ ಸೋರೋ ಶಾರ್ಟ್! ವೋಲ್ಟೇಜ್ ಇಳೀತಿದೆ, ಬಿಸಿ ಏರ್ತಿದೆ, ಎರಡೂ ಒಂದೇ ಕಡೆ. ಇನ್ನೇನು ಸಾಕ್ಷಿ ಬೇಕು?

ಕೋಶಗಣಿತ:
ಹಾಗೆ ಕಾಣುತ್ತೆ, ಆದ್ರೆ ಲೆಕ್ಕ ಕೂಡಲ್ಲ. ನೋಡಿ. ಗುಂಪಿನ ಸಾಮರ್ಥ್ಯ ಸುಮಾರು 150 ಆಂಪಿಯರ್-ಅವರ್ ಅಂತ ಇಟ್ಕೊಳ್ಳಿ. ಎನ್‌ಎಂಸಿಯಲ್ಲಿ 55 ಪರ್ಸೆಂಟ್ ಹತ್ತಿರ 9 ಮಿಲಿವೋಲ್ಟ್ ಅಂದ್ರೆ ಹೆಚ್ಚುಕಮ್ಮಿ 1 ಪರ್ಸೆಂಟ್, ಅಂದ್ರೆ 1.5 ಆಂಪಿಯರ್-ಅವರ್. 48 ಗಂಟೆಗೆ ಹಂಚಿದ್ರೆ 30 ಮಿಲಿಆಂಪಿಯರ್. 3.8 ವೋಲ್ಟಿಗೆ ಗುಣಿಸಿದ್ರೆ 0.12 ವ್ಯಾಟ್. ಒಂದು ಸಣ್ಣ ಎಲ್‌ಇಡಿಯಷ್ಟು. ಎರಡು ಕಿಲೋ ತೂಕದ, ಕೂಲಿಂಗ್ ಪ್ಲೇಟಿಗೆ ಅಂಟಿ ಕೂತ ಸೆಲ್ಲನ್ನ 0.12 ವ್ಯಾಟಿನಿಂದ 12 ಡಿಗ್ರಿ ಮೇಲೆ ಹಿಡಿದಿಡೋಕೆ ಆಗಲ್ಲ, ಅರ್ಧ ಡಿಗ್ರಿಯೂ ಕಷ್ಟ.

ಇನ್ನೊಂದು, ಮೊದಲ ದಿನದ 63. ಬಿಸಿ ಕ್ಷಣದಲ್ಲಿ ಏರಬಹುದು. ಎರಡು ಸೆಕೆಂಡಲ್ಲಿ 22 ಡಿಗ್ರಿ ಇಳಿಯೋಕೆ ಸಾಧ್ಯವೇ ಇಲ್ಲ. ಸೆನ್ಸರ್ ಸುಳ್ಳು ಹೇಳ್ತಿದೆ. ವೋಲ್ಟೇಜ್ ಸುಳ್ಳು ಹೇಳ್ತಿಲ್ಲ.

ಮಲ್ಟಿಮೀಟರ್_ಮಾವ:
ಇದು ನನ್ನ ಏರಿಯಾ. ಆ ಸೆನ್ಸರ್ ಅಂದ್ರೆ ಎನ್‌ಟಿಸಿ ಥರ್ಮಿಸ್ಟರ್, ಬಿಸಿ ಏರಿದ ಹಾಗೆ ರೆಸಿಸ್ಟೆನ್ಸ್ ಇಳಿಯುವಂಥದ್ದು. 25 ಡಿಗ್ರಿಗೆ 10 ಕಿಲೋಓಮ್ ಇರೋದು, ಬೀಟಾ 3435 ಅಂತ ತಗೊಂಡೆ. 29 ಡಿಗ್ರಿಗೆ ಸುಮಾರು 8.6 ಕಿಲೋಓಮ್, 41ಕ್ಕೆ 5.6. ನಿಜವಾದ ತಾಪ 29 ಇದ್ದು 41 ಓದಬೇಕಾದ್ರೆ ಅದರ ಎರಡು ಕಾಲಿನ ಮಧ್ಯೆ 16 ಕಿಲೋಓಮ್ ಸೋರಿಕೆ ಸಾಕು. ಕನೆಕ್ಟರ್ ಮೇಲೆ ನಾಲ್ಕು ಹನಿ ಕೂಲಂಟ್ ಬಿದ್ರೆ ಅಷ್ಟು ಆರಾಮಾಗಿ ಬರ್ತದೆ. ಹನಿ ಅಲ್ಲಾಡಿದ ಹಾಗೆ ಅಂಕಿಯೂ ಅಲ್ಲಾಡ್ತದೆ.

ಇದಕ್ಕಿಂತ ಕೆಟ್ಟದ್ದು ಉಲ್ಟಾ ಕೇಸು. ಕನೆಕ್ಟರ್ ತುಕ್ಕು ಹಿಡಿದು ಸರಣಿಯಲ್ಲಿ 5 ಕಿಲೋಓಮ್ ಸೇರಿತು ಅಂತಿಟ್ಕೊಳ್ಳಿ. ನಿಜವಾಗಿ 60 ಡಿಗ್ರಿ, ಥರ್ಮಿಸ್ಟರ್ 3 ಕಿಲೋಓಮ್, ಒಟ್ಟು 8. ಡಿಸ್‌ಪ್ಲೇಯಲ್ಲಿ 31! ತಣ್ಣಗೆ ಕಾಣ್ತದೆ, ಒಳಗೆ ಬೇಯ್ತದೆ. ತಂತಿ ಪೂರ್ತಿ ಕಡಿದ್ರೆ ಮೈನಸ್ 40 ತೋರಿಸ್ತದೆ, ಅದನ್ನಾದ್ರೂ ಬಿಎಂಎಸ್ ಹಿಡೀತದೆ. ಅರ್ಧ ಕೆಟ್ಟಿದ್ದನ್ನ ಯಾರೂ ಹಿಡಿಯೋದಿಲ್ಲ.

ಮೂಗುಬಲ್ಲವಳು:
ಮಾವ, ಇನ್‌ಫ್ರಾರೆಡ್ ಗನ್ ಮಾತು ಮನ್ನಿಸಲಾಗಿದೆ.

ಕೋಶಗಣಿತ:
ಮಾವನ ಲೆಕ್ಕಕ್ಕೆ ಒಂದು ಸೇರಿಸ್ತೀನಿ. ಥರ್ಮಿಸ್ಟರಿನ 16 ಕಿಲೋಓಮ್ ಸೋರಿಕೆಯಿಂದ 30 ಮಿಲಿಆಂಪಿಯರ್ ಹೋಗಲ್ಲ. ಹಾಗಾಗಿ ದ್ರವ ಬಸ್‌ಬಾರ್ ಮೇಲೂ ಹರಡಿದೆ, 37ನೇ ಗುಂಪು ಅದರ ಮೂಲಕ ಸೋರ್ತಿದೆ. ನೀಲಿಹ್ಯಾಚ್‌ಬ್ಯಾಕ್, ಸರ್ವಿಸ್‌ನವರ ಹತ್ತಿರ "ಬಿಸಿ" ಅನ್ನೋ ಪದವೇ ಎತ್ತಬೇಡಿ. ಕೂಲಂಟ್ ಕಮ್ಮಿ ಆಗಿದೆ, ಹೊರಗೆ ಎಲ್ಲೂ ಸೋರಿದ ಗುರುತಿಲ್ಲ, ಐಸೊಲೇಶನ್ ರೆಸಿಸ್ಟೆನ್ಸ್ (ಹೈವೋಲ್ಟೇಜ್ ಭಾಗಕ್ಕೂ ಕಾರಿನ ಮೈಗೂ ನಡುವಿನ ತಡೆ) ಅಳತೆ ಮಾಡಿ ಬರೆದುಕೊಡಿ ಅನ್ನಿ. ಹೈವೋಲ್ಟೇಜ್ ಡಿಸಿ ಬದಿಗೆ ವೋಲ್ಟಿಗೆ ಕನಿಷ್ಠ 100 ಓಮ್ ಇರಬೇಕು ಅನ್ನೋದು ನಿಯಮ, 400 ವೋಲ್ಟ್ ಪ್ಯಾಕಿಗೆ 40 ಕಿಲೋಓಮ್. ಒಳ್ಳೇ ಪ್ಯಾಕಲ್ಲಿ ಮೆಗಾಓಮ್ ಲೆಕ್ಕದಲ್ಲಿ ಇರುತ್ತೆ. ಓಡಿಸಬೇಡಿ, ಎತ್ತಿಕೊಂಡು ಹೋಗೋ ಗಾಡಿ ಕರೆಸಿ.

ಸುಮ್ನೆಓದುವವ:
ಅಂದ್ರೆ ನಾನು ಮೊದಲೇ ಹೇಳಿದ ಹಾಗೆ 41 ಏನೂ ಅಲ್ಲ!

ಎರಡುಗಾಲಿ:
ನೀವು ಸುಮ್ನೆ ಓದಿ ಗುರುವೇ.

ನೀಲಿಹ್ಯಾಚ್‌ಬ್ಯಾಕ್:
ಒಂಬತ್ತು ದಿನದ ಮೇಲೆ ಅಪ್‌ಡೇಟ್. ಈ ಎಳೆಯನ್ನೇ ಮುದ್ರಿಸಿ ತಗೊಂಡು ಹೋದೆ. ಮೊದಲು ನಕ್ಕರು. ಐಸೊಲೇಶನ್ ಅಳೆದರು, 180 ಕಿಲೋಓಮ್. "ಮಿತಿಯೊಳಗೇ ಇದೆ" ಅಂದ್ರು. ಹೋದ ವರ್ಷದ ಸರ್ವಿಸ್ ಚೀಟಿಯಲ್ಲಿ ಎಷ್ಟಿತ್ತು ನೋಡಿ ಅಂದೆ. 2 ಮೆಗಾಓಮ್‌ಗಿಂತ ಮೇಲೆ. ಆಗ ನಗು ನಿಂತಿತು.

ಪ್ಯಾಕ್ ಇಳಿಸಿ ಮುಚ್ಚಳ ತೆಗೆದರು, ದೂರದಿಂದ ನೋಡೋಕೆ ಬಿಟ್ಟರು. ನಾಲ್ಕನೇ ಮಾಡ್ಯೂಲಿನ ಕೂಲಿಂಗ್ ಪೈಪಿನ ಜೋಡಣೆಯಲ್ಲಿ ಸೂಜಿ ಮೊನೆಯಷ್ಟು ಸೋರಿಕೆ. ಕನೆಕ್ಟರ್ ಮೇಲೆ ಹಸಿರು ಪಾಚಿಯಂಥ ತಾಮ್ರದ ತುಕ್ಕು. ಎರಡು ಬಸ್‌ಬಾರ್ ನಡುವೆ ಕಪ್ಪು ಗೆರೆ. ಆ ಗೆರೆ ನೋಡಿ ಅಲ್ಲಿನ ಹಿರಿಯ ಮೆಕ್ಯಾನಿಕ್ ಏನೂ ಮಾತಾಡಲಿಲ್ಲ, ಕೈಗವಸು ಬಿಚ್ಚಿಟ್ಟು ಮ್ಯಾನೇಜರನ್ನ ಕರ್ಕೊಂಡು ಬಂದ್ರು. ಮಾಡ್ಯೂಲ್ ಮತ್ತು ಪೈಪ್ ಬದಲಾಯಿಸ್ತಾರಂತೆ, ವಾರಂಟಿಯಲ್ಲಿ.

ಪೆಟ್ರೋಲ್‌ಪ್ರೇಮಿ:
ಸರಿ, ಸುಳ್ಳು ಅಲಾರಂಗೆ ಒಂಬತ್ತು ದಿನ.

ನೀರುಗೊಳವೆ:
ಸುಳ್ಳಲ್ಲ. ಆ ಕಪ್ಪು ಗೆರೆ ಅಂದ್ರೆ ದ್ರವದ ಮೇಲೆ ಕರೆಂಟ್ ನಡೆದ ದಾರಿ. ಅದು ಇಂಗಾಲ ಆಗ್ತಾ ಆಗ್ತಾ ಒಳ್ಳೇ ವಾಹಕ ಆಗುತ್ತೆ, ಒಂದಿನ ಆರ್ಕ್ ಹೊಡೆಯುತ್ತೆ. ಜೊತೆಗೆ ಕೂಲಂಟಿನ ನೀರು ಒಡೆದು ಹೈಡ್ರೋಜನ್ ಬೇರೆ. ಅಲ್ಲಿ ಬೆಂಕಿ ಹತ್ತಿದ್ರೆ ಸೆಲ್‌ಗಳೇನೂ ತಪ್ಪು ಮಾಡಿರ್ತಿರಲಿಲ್ಲ, ಆದ್ರೂ ಅವೇ ಉರೀತಿದ್ದವು.

ಪೆಟ್ರೋಲ್‌ಪ್ರೇಮಿ:
...ಸರಿ, ಅದು ಬೇರೆ.

ಮೂಗುಬಲ್ಲವಳು:
ಕೋಶಗಣಿತ, ಒಂದು ಕೇಳ್ತೀನಿ, ಸಿಟ್ಟಾಗಬೇಡಿ. ನಿಮ್ಮ ಸಾಫ್ಟ್‌ವೇರ್ ಈ ಕೇಸಲ್ಲಿ ಏನು ಮಾಡ್ತಿತ್ತು? 22 ಡಿಗ್ರಿ ಎರಡು ಸೆಕೆಂಡಲ್ಲಿ ಬಿದ್ದಿದ್ದನ್ನ?

ಕೋಶಗಣಿತ:
ಪ್ರಾಮಾಣಿಕವಾಗಿ ಹೇಳ್ಲಾ? "ಭೌತಿಕವಾಗಿ ಅಸಾಧ್ಯ, ಸೆನ್ಸರ್ ಗದ್ದಲ" ಅಂತ ಸೋಸಿ ಬಿಸಾಕ್ತಿತ್ತು. ಸುಳ್ಳು ಎಚ್ಚರಿಕೆ ಬಂದ್ರೆ ಜನ ದೂರು ಕೊಡ್ತಾರೆ, ಹಾಗಾಗಿ ಸೋಸೋದನ್ನ ಬಿಗಿ ಮಾಡಿದ್ದೀವಿ. ಇವರ ಕಾರಿನ ಸಾಫ್ಟ್‌ವೇರ್ ನಮ್ಮದಕ್ಕಿಂತ ಕೆಟ್ಟದಾಗಿ ಬರೆದಿದ್ದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಆ ಎರಡು ಸೆಕೆಂಡ್ ಕಾಣಿಸಿದೆ. ನಿನ್ನೆ ಆಫೀಸಲ್ಲಿ ಒಂದು ಟಿಕೆಟ್ ಹಾಕಿದ್ದೀನಿ, ಬಿಸಾಕಿದ ಅಂಕಿಗಳನ್ನ ಎಣಿಸೋದಕ್ಕೆ. ಒಂದೇ ಸೆನ್ಸರಿಂದ ದಿನಕ್ಕೆ ಇಷ್ಟು ಸಲಕ್ಕಿಂತ ಹೆಚ್ಚು ಬಿಸಾಕಿದ್ರೆ, ಆ ಮಾಡ್ಯೂಲಿನ ವೋಲ್ಟೇಜನ್ನೂ ಐಸೊಲೇಶನನ್ನೂ ಜೊತೆಗಿಟ್ಟು ನೋಡು ಅಂತ. "ಇಷ್ಟು" ಅಂದ್ರೆ ಎಷ್ಟು ಅನ್ನೋದರ ಮೇಲೆ ಈಗಾಗಲೇ ಜಗಳ ಶುರುವಾಗಿದೆ.

ಮಲ್ಟಿಮೀಟರ್_ಮಾವ:
ಮೂರು ಹಾಕಿ.

ಕೋಶಗಣಿತ:
ಮೂರು ಹಾಕಿದ್ರೆ ಗುಂಡಿ ಬಿದ್ದ ರಸ್ತೆಯಲ್ಲಿ ಓಡೋ ಪ್ರತಿ ಕಾರೂ ಸರ್ವಿಸ್‌ಗೆ ಬರುತ್ತೆ ಮಾವ.

ಹೊಸಸದಸ್ಯ_9:
ಈಗಷ್ಟೇ ಸೇರಿದೆ, ಎಲ್ಲಾ ಓದಿದೆ. ನನ್ನ ಕಾರಲ್ಲಿ ಒಂದು ಸೆನ್ಸರ್ ಯಾವಾಗಲೂ ಉಳಿದವಕ್ಕಿಂತ 6 ಡಿಗ್ರಿ ತಣ್ಣಗೆ ತೋರಿಸುತ್ತೆ. ಅದು ಕೂಲಂಟ್ ಒಳಬರೋ ಕಡೆ ಇರೋದ್ರಿಂದ ಅಂತ ಇಷ್ಟು ದಿನ ಖುಷಿಯಾಗಿದ್ದೆ. ಮಾವನ ಉಲ್ಟಾ ಕೇಸ್ ಓದಿದ ಮೇಲೆ ನಿದ್ದೆ ಬರ್ತಿಲ್ಲ.

ಮಲ್ಟಿಮೀಟರ್_ಮಾವ:
ಪಂಪ್ ನಿಲ್ಲಿಸಿ ಇಡೀ ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದ್ರಾ? ಆಗ ಎಲ್ಲಾ ಒಂದೇ ಆಗ್ಬೇಕು.

ಹೊಸಸದಸ್ಯ_9:
ನೋಡಿಲ್ಲ. ಇವತ್ತು ರಾತ್ರಿ ಬಿಡ್ತೀನಿ.